ಕಿಟಕಿ ಮುಚ್ಚಿ ನೋಡಿದ ಹೊಳೆ

ನೆರೆಮನೆಯವರ ಹೊಸ ಸೀರೆ ಕಂಡು ಹೊಟ್ಟೆ ಉರಿದುಕೊಳ್ಳುವವರ ಪೈಕಿ ನಾನೂ ಒಬ್ಬಳು, ಸುಳ್ಳೇಕೆ ಹೇಳಲಿ? ಆದರೆ ಮುಖವೇ ಇಲ್ಲದ ಹೆಂಗಸಿನ ಮೇಲೆ ಹೊಟ್ಟೆಕಿಚ್ಚು ಪಟ್ಟೇನು ಅಂದುಕೊಂಡಿರಲಿಲ್ಲ. ಆಕೆ ನಮ್ಮ ಶಾಲೆಯ ಕಂಪ್ಯೂಟರಿನೊಳಗಿಂದ ಪಾಠ ಹೇಳುವ ದನಿ. ಎಷ್ಟು ಸಲ ಹೇಳಿಸಿದರೂ ಸಿಡುಕುವುದಿಲ್ಲ. ಮಕ್ಕಳು ಆಕೆಯನ್ನು 'ಕಂಪ್ಯೂಟರ್ ಮೇಡಂ' ಅನ್ನುತ್ತಾರೆ. ನಾನು ಬರೀ ಮೇಡಂ.

ಹಲವಾಗಲು ಗ್ರಾಮದ ಕಡೆಯ ಹೊಳೆದಂಡೆಯಲ್ಲಿ, ನಾನು ಹುಟ್ಟಿ ಬೆಳೆದ ಊರಿನಲ್ಲೇ ನಮ್ಮ ಶಾಲೆ. ಮೊನ್ನೆ ಏಳನೇ ತರಗತಿಗೆ ನದಿಯ ಪಾಠವಿತ್ತು. ಪರದೆಯ ಮೇಲೆ ಚಿತ್ರ ಕಾಣಬೇಕಾದರೆ ಕೋಣೆ ಕತ್ತಲಾಗಬೇಕು. "ಆ ಕಿಟಕಿ ಹಾಕ್ರಲೇ" ಅಂದೆ. ಕಿಟಕಿಯಾಚೆ ತುಂಗಭದ್ರೆ ತನ್ನ ಪಾಡಿಗೆ ತಾನು ಹರಿಯುತ್ತಿದ್ದಳು. ಅವಳ ಮುಖದ ಮೇಲೆ ಬಾಗಿಲು ಹಾಕಿ, ಯಾವುದೋ ದೇಶದ ಹೊಳೆ ನೋಡುತ್ತಾ ಕೂತೆವು.

ಕತ್ತಲಲ್ಲಿ ನನಗೆ ಚಿಕ್ಕಂದಿನ ನಮ್ಮ ಮೇಷ್ಟ್ರು ನೆನಪಾದರು. ಪಂಚೆ ಎತ್ತಿ ಕಟ್ಟಿ, ನಮ್ಮನ್ನೆಲ್ಲ ಇದೇ ಹೊಳೆಗೆ ಕರೆತಂದು ಪಾಠ ಹೇಳುತ್ತಿದ್ದರು. ಅವರ ಜೇಬಿನಿಂದಲೇ ಕದ್ದ ಶೇಂಗಾ ತಿನ್ನುತ್ತಾ ನಾವು ಕೇಳುತ್ತಿದ್ದೆವು. ಅವರು ಗೊತ್ತಿದ್ದೂ ಗೊತ್ತಿಲ್ಲದವರ ಹಾಗೆ ನಿಂತಿರುತ್ತಿದ್ದರು. ಈಗಲೂ ಶೇಂಗಾ ಕಂಡರೆ ಅವರನ್ನೇ ನೆನೆಯುತ್ತೇನೆ. ನನ್ನನ್ನೂ ಯಾರಾದರೂ ಹೀಗೆ ನೆನೆಯಲಿ ಅನ್ನುವ ಆಸೆಯಿಂದಲೇ ನಾನು ಟೀಚರಾದದ್ದು. ಸ್ವಿಚ್ಚು ಒತ್ತುವವಳನ್ನು ಯಾರು ನೆನೆದಾರು? ತಡೆಯಲಾಗಲಿಲ್ಲ. "ಏಳ್ರಿ, ಹೊಳಿಗೆ ಹೋಗೂಣು" ಅಂದುಬಿಟ್ಟೆ.

ದಂಡೆಯಲ್ಲಿ ಸೊಂಟಕ್ಕೆ ಸೆರಗು ಸಿಕ್ಕಿಸಿ ಗಂಟಲು ಸರಿಮಾಡಿಕೊಂಡೆ. ನಾನು ಬಾಯಿ ತೆರೆಯುವ ಮೊದಲೇ ರೇಣುಕಾ ಅನ್ನುವ ಹುಡುಗಿ, "ನೋಡ್ರಿ ಮೇಡಂ, ಹೊಳಿ ಇಲ್ಲಿ ಹೊರಳೈತಿ. ಆ ಕಡಿ ನೀರು ಜೋರು, ಅದಕ್ಕ ದಂಡಿ ಕೊರದೈತಿ. ಈ ಕಡಿ ಸಾವಕಾಶ, ಅದಕ್ಕ ಉಸುಕು ಕುಂತೈತಿ" ಅಂದಳು. ಅಯ್ಯೋ, ಹೌದಲ್ಲ! ಹುಟ್ಟಿದಾಗಿನಿಂದ ಈ ಉಸುಕಿನಲ್ಲಿ ಆಡಿದವಳು ನಾನು. ಅದು ಯಾಕೆ ಈ ಕಡೆಯೇ ಕೂತಿದೆ ಎಂದು ಒಂದು ದಿನವೂ ಯೋಚಿಸಿರಲಿಲ್ಲ.

"ಯಾರವ್ವಾ ಇದನ್ನ ಹೇಳಿದವ್ರು?"

"ಕಂಪ್ಯೂಟರ್ ಮೇಡಂ ರಿ."

"ಮತ್ತ ನಾನೇನು ಮಾಡಿದೆ?" ಸಿಟ್ಟಿನಲ್ಲೇ ಕೇಳಿದೆ.

"ನೀವು ಹೊಳಿಗೆ ಕರ್ಕೊಂಡು ಬಂದ್ರಲ್ರಿ! ನಾಳೆ ಆಕೀನೂ ಕರ್ಕೊಂಡು ಬರೂಣ್ರಿ. ಪಾಪ, ಆ ಕತ್ತಲ ಕೋಣ್ಯಾಗ ಒಬ್ಬಾಕಿ ಅದಾಳ."

"ಬರಾಕ ಆಕಿಗೆ ಕಾಲೆಲ್ಲೈತಿ?" ಅಂದು, ನನಗೆ ಕಾಲಿರುವ ಹೆಮ್ಮೆಯಲ್ಲಿ ದಂಡೆ ಹತ್ತತೊಡಗಿದೆ. ನಾಲ್ಕು ಹೆಜ್ಜೆ ಇಟ್ಟಿರಲಿಲ್ಲ, ಮಂಡಿ ಕಟಕ್ಕೆಂದಿತು. ರೇಣುಕಾ ಓಡಿಬಂದು ರಟ್ಟೆ ಹಿಡಿದಳು. "ಸಾವಕಾಶ ಬರ್ರಿ ಮೇಡಂ, ನಾ ಅದೀನಿ" ಅಂದಳು. ಈ ಹುಡುಗಿ ನನ್ನನ್ನು ಖಂಡಿತ ನೆನೆಯುತ್ತಾಳೆ, ಮಂಡಿನೋವಿನ ಮೇಡಂ ಎಂದು.