ಕಾಕಾನ ಕಿಸೆಯೊಳಗಿನ ಫ್ಯೂಜು

ನಮ್ಮ ಕಾಕಾನಷ್ಟು ಪುಕ್ಕಲು ಮನುಷ್ಯ ನವಲಗುಂದ ತಾಲೂಕಿನಲ್ಲಿ ಇನ್ನೊಬ್ಬರು ಇರಲಿಕ್ಕಿಲ್ಲ. ಹಾವಿಗೆ ಅಂಜುವವರಲ್ಲ, ಸಾಹೇಬರಿಗೂ ಅಂಜುವವರಲ್ಲ. ಅಂಜುವುದು ಕರೆಂಟಿಗೆ ಮಾತ್ರ. ಅಂಥವರ ಉದ್ಯೋಗ ಏನೆಂದು ಕೇಳುತ್ತೀರಾ? ಪಾಲಿಟೆಕ್ನಿಕ್ಕಿನ ವಿದ್ಯುತ್ ಯಂತ್ರಗಳ ಪ್ರಯೋಗಾಲಯಕ್ಕೆ ಮುಖ್ಯಸ್ಥರು! ನಾನೂರಾ ನಲವತ್ತು ವೋಲ್ಟಿನ ಮೋಟರುಗಳ ನಡುವೆ ದಿನವಿಡೀ ಅಂಜುತ್ತ ಓಡಾಡುವುದಕ್ಕೇ ಅವರಿಗೆ ಪಗಾರ.

ಪದವಿ ಮುಗಿಸಿ ನಾನು ಅದೇ ಪ್ರಯೋಗಾಲಯಕ್ಕೆ ಉಪನ್ಯಾಸಕಿಯಾಗಿ ಸೇರಿದಾಗ ಕಾಕಾ ಕಲಿಸಿದ ಮೊದಲ ಪಾಠ: ಯಂತ್ರದ ಹತ್ತಿರ ಹೋದರೆ ಎಡಗೈ ಬೆನ್ನ ಹಿಂದೆ. ಎರಡೂ ಕೈ ತಾಗಿದರೆ ಕರೆಂಟು ಒಂದು ಕೈಯಿಂದ ಇನ್ನೊಂದಕ್ಕೆ ಎದೆಯೊಳಗಿನಿಂದ ಹಾದುಹೋಗುತ್ತದೆ. ಮಾತೇನೋ ಸರಿ. ಆದರೆ ಮನೆಯಲ್ಲಿ ರೇಡಿಯೋ ಹಚ್ಚುವಾಗಲೂ ಎಡಗೈ ಬೆನ್ನ ಹಿಂದೆಯೇ ಇರಬೇಕೆ?

"ಏನ್ರಿ, ಅದು ಸೆಲ್ಲಿನ ರೇಡಿಯೋ ಐತಿ!" ಎಂದು ಚಿಗವ್ವ ನಗುತ್ತಿದ್ದಳು.

"ನನಗ ಗೊತ್ತೈತಿ. ಕೈಗೆ ಗೊತ್ತಿಲ್ಲಲ್ಲ!"

ನಮ್ಮ ಕಡೆ ಹುಡುಗರ ಕೊರಳಲ್ಲಿ ಲಿಂಗದ ಬೆಳ್ಳಿ ಕರಡಿಗೆ ಇರುತ್ತದೆ. ಮೋಟರಿನ ಮೇಲೆ ಬಾಗಿದರೆ ಅದು ಅಂಗಿಯಿಂದ ಹೊರಬಿದ್ದು ತಂತಿಗಳ ಮೇಲೆಯೇ ತೂಗಾಡುತ್ತದೆ. ಕಾಕಾನ ಜೀವ ಅದರ ಜೊತೆಗೇ ತೂಗಾಡುತ್ತಿತ್ತು.

"ಸರ್, ಲಿಂಗ ತೆಗೀಬಾರದ್ರಿ," ಎಂದ ಒಬ್ಬ.

"ತೆಗಿ ಅಂತ ಯಾರಂದ್ರಲೇ? ನಾನೂ ಕಟ್ಟೇನಿ. ತುಂಡು ಅರಿವಿಯೊಳಗ ಸುತ್ತಿ ಅಂಗಿ ಒಳಗ ಬಿಟ್ಟುಕೋ. ಬೆಳ್ಳಿ ಅಂದ್ರ ಕರೆಂಟಿಗೆ ಬೀಗರ ಮನಿ ಇದ್ದಂಗ, ಕರೀದ ಬರತೈತಿ!"

ಎಲ್ಲಕ್ಕಿಂತ ಸೋಜಿಗವೆಂದರೆ, ಕರೆಂಟು ಹೋದಾಗ ಜಗತ್ತೆಲ್ಲ ನಿರಾಳವಾಗುತ್ತಿತ್ತು. ಕಾಕಾನ ಅಂಜಿಕೆ ಆಗ ಇಮ್ಮಡಿಯಾಗುತ್ತಿತ್ತು! ಫ್ಯಾನು, ದೀಪಗಳ ಲೈನು ಬೇರೆ; ಓಡಿಹೋಗಿ ಯಂತ್ರಗಳ ಮೇನ್ ಸ್ವಿಚ್ ಇಳಿಸಿ, ಅವುಗಳ ಫಲಕದಿಂದ ಮೂರೂ ಪಿಂಗಾಣಿ ಫ್ಯೂಜು ಕಿತ್ತು ಕೋಟಿನ ಕಿಸೆಗೆ ಹಾಕಿಕೊಳ್ಳುವರು. "ಹೇಳದ ಹೋದಂವ ಹೇಳದ ಬರತಾನವಾ," ಎನ್ನುವರು. ಒಮ್ಮೆ ಅವನ್ನು ಹೊತ್ತುಕೊಂಡೇ ಕುಂದಗೋಳಕ್ಕೆ ಮದುವೆಗೆ ಹೋಗಿದ್ದರು. ಉಡುಗೊರೆಗೆಂದು ಕಿಸೆಗೆ ಕೈ ಹಾಕಿ ಮದುಮಗನ ಅಂಗೈಯಲ್ಲಿ ಇಟ್ಟದ್ದು ಫ್ಯೂಜು! ಬೀಗರು ಕಣ್ಣು ಕಣ್ಣು ಬಿಟ್ಟರು. ಊರಿಗೆ ಬಂದು ನಾವು ನಕ್ಕರೆ, "ಇವು ನನ್ನ ಕಿಸೇದಾಗ ಇದ್ರ ಲ್ಯಾಬಿನ್ಯಾಗ ಯಾರೂ ಸಾಯಂಗಿಲ್ಲ. ನಗ್ರಿ," ಎಂದರು.

ಬೇಸಿಗೆಯ ಒಂದು ಮಧ್ಯಾಹ್ನ ಪ್ರಯೋಗಾಲಯದಲ್ಲಿ ಕರೆಂಟು ಹೋಯಿತು. ಫ್ಯಾನು ನಿಂತಿತು. ಹುಡುಗರು ಬರುವ ಮೊದಲೇ ಮೋಟರಿನ ಸಡಿಲಾದ ತಂತಿಯೊಂದನ್ನು ಬಿಗಿ ಮಾಡಿಬಿಡೋಣ ಎಂದುಕೊಂಡೆ. ಬೆನ್ನ ಹಿಂದೆ, ಬಾಗಿಲ ಪಕ್ಕದಲ್ಲಿದ್ದ ಫಲಕದ ಕಡೆ ನೋಡಲೇ ಇಲ್ಲ. ನಿಂತ ಫ್ಯಾನೇ ಸಾಕ್ಷಿಯಾಯಿತಲ್ಲ! ತಂತಿ ಜಾರುತ್ತಿತ್ತೆಂದು ಎಡಗೈಯಿಂದ ಹಿಡಿದು, ಬಲಗೈಯಿಂದ ತಿರುಪು ತಿರುವತೊಡಗಿದೆ.

ಕೊರಳಿಗೆ ತಣ್ಣನೆಯ ಗಾಳಿ ತಾಗಿತು.

ತಲೆ ಎತ್ತಿದೆ. ಫ್ಯಾನು ತಿರುಗುತ್ತಿತ್ತು. ನನ್ನ ಎರಡೂ ಕೈ ತಾಮ್ರದ ಮೇಲೇ ಇದ್ದವು. ಕೀಳಬೇಕೆಂದರೆ ಬೆರಳು ಮಾತು ಕೇಳಲಿಲ್ಲ. ಸತ್ತಿದ್ದೇನೆಯೇ, ಇನ್ನೂ ಇಲ್ಲವೇ ಎಂಬುದೂ ತಿಳಿಯಲಿಲ್ಲ.

ಮೋಟರು ಮಾತ್ರ ಸುಮ್ಮನಿತ್ತು.

ಬಾಗಿಲಲ್ಲಿ ಕಾಕಾ ನಿಂತಿದ್ದರು. ಕೋಟಿನ ಕಿಸೆ ಉಬ್ಬಿತ್ತು.

"ಕಾಕಾ, ಕರೆಂಟ್ ಹೋಗಿತ್ತಲ್ಲ ಅಂತ..."

"ಹೋಗಿತ್ತವಾ," ಎಂದರು.

ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ. ಹತ್ತಿರ ಬಂದು ಒಂದೊಂದೇ ಬೆರಳು ಬಿಡಿಸಿ, ನನ್ನ ಎರಡೂ ಕೈಗಳನ್ನು ತಮ್ಮ ಎರಡೂ ಕೈಗಳಲ್ಲಿ ಹಿಡಿದುಕೊಂಡರು. ಯಂತ್ರದ ಮುಂದೆ ಕಾಕಾನ ಎಡಗೈ ಕಂಡದ್ದು ನನಗೆ ಅದೇ ಮೊದಲು.

ಅವರು ನಿಂತಲ್ಲಿಂದ ಕದಲಲಿಲ್ಲ. ಆದರೂ ಕಿಸೆಯೊಳಗಿನ ಫ್ಯೂಜುಗಳು ಬಹಳ ಹೊತ್ತು ಕಟಕಟ ಎನ್ನುತ್ತಲೇ ಇದ್ದವು.