ಬರಿ ಹಣೆಯ ಅಜ್ಜಿಯ ಪುಸ್ತಕ

ಸಣ್ಣ ಮಕ್ಕಳಿಗೆ ಚಿತ್ರದ ಪುಸ್ತಕ ಆರಿಸುವ ಕೆಲಸ ಹಿಡಿದ ಮೇಲೆ ವಾರಕ್ಕೊಂದಾದರೂ ನಗುವಂಥದ್ದು ನನ್ನ ಪಾಲಿಗೆ ಬರುತ್ತಲೇ ಇದೆ. ಬಸ್ಸಿನಲ್ಲಿ ಕೂತು ನೆನೆಸಿಕೊಂಡು ನಗುತ್ತೇನೆ. ಇಳಿಯುವ ಹೊತ್ತಿಗೆ ಅದು ಸಿಟ್ಟಾಗಿರುತ್ತದೆ. ಮನೆ ಮುಟ್ಟಿದ ಮೇಲೆ ಊಟ ಸೇರುವುದಿಲ್ಲ. ನಕ್ಕು ಮರೆಯುವವರು ನಕ್ಕು ಮರೆಯಲಿ, ನಾನು ಹೇಳಿಬಿಡುತ್ತೇನೆ.

೧. ಕೆಲಸವಿಲ್ಲದ ನಾಯಿ

ನಾನು ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟವನು. ವಿಜಯಪುರದ ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ ಪುಸ್ತಕ ಕಟ್ಟುವ ಅಂಗಡಿ ಸೇರಿದೆ. ಓದು ಕಲಿತದ್ದು ಅಲ್ಲೇ, ಮಡಚುವ ಹಾಳೆಗಳಿಂದ. ಅಚ್ಚಾಗಿ ಬರುವ ದೊಡ್ಡ ಹಾಳೆಯಲ್ಲಿ ಒಂದನೇ ಪುಟದ ಪಕ್ಕದಲ್ಲಿ ಹದಿನಾರನೇ ಪುಟ ಇರುತ್ತದೆ. ಹಾಗಾಗಿ ಎಷ್ಟೋ ಕಥೆಗಳಲ್ಲಿ ಯಾರು ಸತ್ತರು ಅನ್ನುವುದು ನನಗೆ ಮೊದಲು ಗೊತ್ತಾಯಿತು, ಯಾರು ಹುಟ್ಟಿದರು ಅನ್ನುವುದು ಆಮೇಲೆ.

ಮಗಳನ್ನು ನೋಡಲು ತಿಕೋಟಾ ಕಡೆ ಹೋದಾಗ ಮೊಮ್ಮಗನ ಅಂಗನವಾಡಿಗೆ ಹೊಸ ಚಿತ್ರದ ಪುಸ್ತಕ ಬಂದಿದ್ದವು. ಟೀಚರು ಒಂದನ್ನು ತೆರೆದು ತೋರಿಸುತ್ತಿದ್ದರು. ಟೈ ಕಟ್ಟಿದ ಅಪ್ಪ, ಗ್ಯಾಸಿನ ಮುಂದೆ ಅಮ್ಮ, ಒಬ್ಬ ಮಗ, ಒಬ್ಬ ಮಗಳು, ಸೋಫಾದ ಮೇಲೆ ಒಂದು ನಾಯಿ. ಕುರಿ ಕಾಯುವವರ ಮನೆಯ ಒಂದು ಹುಡುಗಿ ಆ ನಾಯಿಯನ್ನೇ ನೋಡುತ್ತ ಕೂತಳು.

"ಟೀಚರ್, ಈ ನಾಯಿಗೆ ಕುರಿ ಇಲ್ಲೇನ್ರಿ?"

"ಇಲ್ಲ."

"ಮತ್ತ ಕೆಲಸಾ ಇಲ್ಲದ ಕುಂತೈತಿ. ಮನ್ಯಾಗ ಯಾರೂ ಬೈಯೂದಿಲ್ಲ?"

ನಾನು ಗಂಟು ಬಿಚ್ಚಿ ಎಲ್ಲ ಪುಸ್ತಕ ನೋಡಿದೆ. ಎಲ್ಲದರಲ್ಲೂ ಅದೇ ಮನೆ. ಕುರಿಯವರಿಲ್ಲ, ತಾಂಡಾದವರಿಲ್ಲ, ಬುರ್ಖಾ ಹಾಕಿದ ಒಬ್ಬ ತಾಯಿ ಇಲ್ಲ, ಬೇರೆ ದೇಶದವರು ಮೊದಲೇ ಇಲ್ಲ. ಕಪ್ಪು ಮೈಯವರು ಒಬ್ಬರೇ ಇದ್ದರು, ಅದು ಕಾಗೆ.

ಗಂಟನ್ನು ಹೆಗಲಿಗೆ ಹಾಕಿಕೊಂಡು ವಿಜಯಪುರದ ಅಂಗನವಾಡಿ ಆಫೀಸಿಗೆ ಹೋದೆ. ಮೆಟ್ಟಿಲ ಮೇಲೆ ನಿಂತು ಒಂದು ತಾಸು ಕೂಗಿದೆ. ಪುಸ್ತಕ ತರಿಸುವುದರಿಂದ ಹಿಡಿದು ಆಯಾಗಳನ್ನು ನೇಮಿಸುವ ತನಕ ಎಲ್ಲ ನೋಡುವ ಮೇಡಂ ಹೊರಗೆ ಬಂದರು.

"ಇಷ್ಟ ಒದರಾಕತ್ತೀರಲ್ಲ, ನಾಳಿಂದ ನೀವ ಬಂದ ಆರಿಸ್ರಿ."

ನಾನು ಪುಸ್ತಕ ಕಟ್ಟುತ್ತಲೇ ನಲವತ್ತು ವರ್ಷ ಚಳವಳಿ ಮಾಡಿದವನು. ಬೇಡಿಕೆ ತಳ್ಳಿದರೆ ಏನು ಕೂಗಬೇಕು ಅಂತ ಗೊತ್ತು. ಒಪ್ಪಿಕೊಂಡರೆ ಏನು ಕೂಗಬೇಕು ಅಂತ ಯಾರೂ ಕಲಿಸಿರಲಿಲ್ಲ. ಬಾಯಿಗೆ ಬಂದದ್ದೇ "ಧಿಕ್ಕಾರ!" ಅಂದುಬಿಟ್ಟೆ.

೨. ಟೊಪ್ಪಿಗೆ ಅಂಗಡಿ

ಆರಿಸುವ ಸಮಿತಿಯಲ್ಲಿ ಮೂವರು. ಮೇಡಂ, ನಿವೃತ್ತ ಹೆಡ್ ಮಾಸ್ತರರು, ನಾನು. ಎಲ್ಲ ತರದ ಜನ ಇರುವ ಪುಸ್ತಕ ಬೇಕು ಅಂದೆ. ಮಾಸ್ತರರು ಎರಡೇ ದಿನದಲ್ಲಿ ಒಂದನ್ನು ಹುಡುಕಿ ತಂದರು. ಕೊನೆಯ ಪುಟದಲ್ಲಿ ಪಟಗಾ ಸುತ್ತಿದವನು, ಟೊಪ್ಪಿಗೆ ಹಾಕಿದವನು, ಕೊರಳಲ್ಲಿ ಶಿಲುಬೆ ಇರುವವನು ಕೈ ಕೈ ಹಿಡಿದು ನಿಂತಿದ್ದರು.

"ನೋಡ್ರಿ, ಎಲ್ಲಾರೂ ಅದಾರ," ಅಂದರು.

ನೋಡಿದೆ. ಮೂವರದೂ ಒಂದೇ ಮುಖ, ಒಂದೇ ಮೂಗು. ತಲೆಯ ಮೇಲಿನದನ್ನು ಮಾತ್ರ ಬದಲಿಸಿದ್ದರು.

"ಇವರು ಏನ್ ಮಾಡ್ತಾರ್ರಿ ಮಾಸ್ತರ?"

"ಕೈ ಹಿಡಕೊಂಡ ನಿಂತಾರಲ್ರಿ."

"ಪುಸ್ತಕದ ತುಂಬ?"

"ಹೌದು. ಐಕ್ಯತಾ."

ನನ್ನ ಲೆಕ್ಕ ಬೇರೆ. ಪುಸ್ತಕದೊಳಗಿನ ಮನುಷ್ಯ ಉಣ್ಣಬೇಕು, ಜಗಳಾಡಬೇಕು, ಮಗುವಿಗೆ ಬೈಯಬೇಕು, ಬಿದ್ದು ನಗಬೇಕು. ಅವನ ಜಾತಿ, ದೇಶ ಅವನ ಜೊತೆ ಸುಮ್ಮನೆ ಬರಬೇಕು. ಮೂಲೆಯಲ್ಲಿ ಯಾರನ್ನು ನಿಲ್ಲಿಸಿದ್ದಾರೆ ಅಂತ ನೋಡಬೇಕು. ಕಡೆಗೆ ಮಗುವಿನ ಕೈಗೆ ಕೊಟ್ಟು ನೋಡಬೇಕು. ಅದು ಪುಟವನ್ನು ಹಿಂದಕ್ಕೆ ತಿರುವಿ ಇನ್ನೊಮ್ಮೆ ನೋಡಿತೋ, ಪುಸ್ತಕ ಪಾಸು. ಇಷ್ಟನ್ನೂ ಮೇಜು ಗುದ್ದಿ ಹೇಳಿದೆ.

ಮಾಸ್ತರರಿಗೆ ಸಿಟ್ಟು ಬಂತು. "ಈ ಪುಸ್ತಕಕ್ಕ ಏನಾಗೈತಿ?"

"ಏನೂ ಆಗಿಲ್ರಿ. ಟೊಪ್ಪಿಗೆ ಅಂಗಡಿ ಚಲೋ ಐತಿ, ಗಿರಾಕಿ ಇಲ್ಲ."

೩. ಕುಂಕುಮ ಮರೆತ ಗಂಡಸರು

ಬಬಲೇಶ್ವರದ ಆಚೆ, ಕಾಖಂಡಕಿ ಬಸ್ಸು ಹಿಡಿದು ಹೋಗುವ ದಾರಿಯಲ್ಲಿ ಒಂದು ಸಣ್ಣ ಊರು. ಮಾದರಿ ಪುಸ್ತಕಗಳನ್ನು ಅಲ್ಲಿನ ಅಂಗನವಾಡಿಗೆ ಒಯ್ಯುತ್ತಿದ್ದೆ. ಕಾರಣ, ಅಲ್ಲಿನ ಆಯಾ. ಅಡುಗೆ ಮಾಡಿ, ಕಸ ಹೊಡೆದು, ಆಮೇಲೆ ಆ ಹೆಣ್ಣುಮಗಳು ಮಕ್ಕಳ ನಡುವೆ ಕೂತು ಚಿತ್ರ ತೋರಿಸಿ ಕಥೆ ಹೇಳಿದರೆ ಹೊರಗಿನ ಆಡು ಕೂಡ ಬಾಗಿಲಲ್ಲಿ ನಿಲ್ಲುತ್ತಿತ್ತು.

ಇಪ್ಪತ್ತೆರಡಕ್ಕೆ ಗಂಡ ಸತ್ತವಳು. ಮಕ್ಕಳಿಲ್ಲ. ಹಣೆಯಲ್ಲಿ ಕುಂಕುಮವಿಲ್ಲ. ಬೆಳಿಗ್ಗೆ ಮನೆ ಮನೆಗೆ ಹೋಗಿ ಮಕ್ಕಳನ್ನು ಕರೆತರುವುದು ಆಯಾನ ಕೆಲಸ. ಇವಳಿಗೆ ಅದು ಬಂದ್. ಮುಂಜಾನೆ ಬಾಗಿಲು ತೆಗೆದರೆ ಮೊದಲು ಗಂಡ ಸತ್ತವಳ ಮಾರಿ ನೋಡಬೇಕೇನು ಅಂತ ತಾಯಂದಿರು ಕೇಳಿದ್ದರು. ಹಾಗಾಗಿ ಅಂಗನವಾಡಿಯ ಬಾಗಿಲನ್ನೂ ಟೀಚರೇ ತೆಗೆಯಬೇಕು, ಇವಳು ಹಿತ್ತಲಿಂದ ಬಂದು ಅಡುಗೆ ಕೋಣೆ ಸೇರಬೇಕು. ಈಗ ತಾಯಂದಿರಿಂದ ಆಫೀಸಿಗೆ ಹೊಸ ಅರ್ಜಿ ಹೋಗಿತ್ತು. ಮಕ್ಕಳ ಹತ್ತಿರ ಕೂಡುವುದೂ ಬೇಡ, ಅವಳನ್ನೇ ತೆಗೆಯಿರಿ ಅಂತ. ದಿನದಲ್ಲಿ ಆ ಕಥೆಯ ತಾಸೊಂದೇ ಅವಳದು. ಅದೂ ಹೋಗುವುದರಲ್ಲಿತ್ತು.

ನಾನು ಧರಣಿ ಕೂಡುತ್ತೇನೆ ಅಂದೆ. ಅವಳು ಕೈ ಮುಗಿದಳು. "ಬ್ಯಾಡ ಯಣ್ಣಾ. ನೀವು ಒದರಿದ್ರ ನಿಮ್ಮ ಹೆಸರು ಪೇಪರಿನ್ಯಾಗ ಬರ್ತೈತಿ. ನನ್ನ ಹೆಸರು ಹಾಜರಿ ಪುಸ್ತಕದಾಗಿಂದ ಹೋಗ್ತೈತಿ."

ಅವತ್ತು ನಾನು ಒಯ್ದದ್ದು ದೂರದ ಯಾವುದೋ ನದಿ ನಾಡಿನ ಕಥೆ, ಕನ್ನಡಕ್ಕೆ ತಂದದ್ದು. ಒಬ್ಬ ಅಜ್ಜಿ ಮೊಮ್ಮಗಳನ್ನು ದೋಣಿಯಲ್ಲಿ ಕೂಡಿಸಿಕೊಂಡು ಆಚೆ ದಂಡೆಯ ಮದುವೆಗೆ ಹೋಗುತ್ತಾಳೆ. ಕೆಂಪು ಬಟ್ಟೆ ಉಟ್ಟಿದ್ದಾಳೆ, ಎಲ್ಲರಿಗಿಂತ ಮುಂದೆ ಕೂತು ಡೋಲು ಬಾರಿಸುತ್ತಾಳೆ. ಆಯಾ ಪುಟ ತಿರುವುತ್ತಿದ್ದಳು. ಒಂದು ಹುಡುಗಿ ಎದ್ದು ಬಂದು ಚಿತ್ರಕ್ಕೆ ಮೂಗು ಹಚ್ಚಿ ನೋಡಿತು.

"ಆಯಾ, ಈ ಊರಾಗ ಗಂಡಸ್ರು ಎಲ್ಲಾರೂ ಸತ್ತಾರೇನು? ಯಾರ ಹಣಿಮ್ಯಾಲೂ ಕುಂಕುಮ ಇಲ್ಲ."

ಇನ್ನೊಂದು ಮಗು ಪುಟ ಹಿಂದಕ್ಕೆ ತಿರುವಿತು. "ಇಲ್ಲ, ಇಲ್ಲ. ಇಲ್ಲಿ ಅದಾರ ನೋಡು. ಮೀನಾ ಹಿಡಿಯಾಕತ್ತಾರ."

"ಹಂಗಾದ್ರ ಸಂತಿಗೆ ಹೋದಾಗ ಕುಂಕುಮ ತರೂದ ಮರತಾರ."

ಮಕ್ಕಳೆಲ್ಲ ಸೇರಿ ಆ ಗಂಡಸರಿಗೆ ಬೈದವು. ಆಯಾ ನಕ್ಕಳು. ಮಕ್ಕಳು ಉಣ್ಣಲು ಕೂತ ಮೇಲೆ ಪುಸ್ತಕ ಹಿಡಿದು ನನ್ನ ಹತ್ತಿರ ಬಂದಳು.

"ಯಣ್ಣಾ, ಇವರೊಳಗ ಯಾರು ಮುತ್ತೈದಿ, ಯಾರು ಗಂಡ ಸತ್ತಾಕಿ ಅಂತ ಹೆಂಗ ಗೊತ್ತಾಗ್ತೈತಿ?"

"ಗೊತ್ತಾಗೂದಿಲ್ಲವ್ವಾ."

"ಮಾರಿ ನೋಡಿದ್ರೂ?"

"ಮಾರಿ ನೋಡಿದ್ರೂ."

ಅಜ್ಜಿಯ ಮುಖದ ಮೇಲೆ ಬೆರಳಿಟ್ಟಳು. "ಹಂಗಾದ್ರ ಅಲ್ಲಿ ಅಂಗನವಾಡಿ ಬಾಗಿಲಾ ಯಾರ ತೆಗೀಬೇಕಂತ ಹೆಂಗ ಗೊತ್ತು ಮಾಡ್ತಾರ್ರಿ ಪಾಪ? ಭಾಳ ತ್ರಾಸ ಆಗ್ತಿರಬೇಕ ಅವರಿಗೆ."

೪. ಒಲೆ ಮುಂದಿನವಳು

ಆ ಪುಸ್ತಕವನ್ನು ಹದಿನೈದು ದಿನ ಅಲ್ಲೇ ಬಿಟ್ಟು ಬಂದೆ. ತಾಯಂದಿರೂ ನೋಡಲಿ ಅಂತ ಹೇಳಿದ್ದೆ. ನೋಡಿದರು. ತಿರುಗಿ ತರಲು ಹೋದಾಗ ದೋಣಿಯಲ್ಲಿದ್ದ ಅಜ್ಜಿಯ ಹಣೆಗೆ ಕೆಂಪು ಸ್ಕೆಚ್ ಪೆನ್ನಿನಿಂದ ಕುಂಕುಮ ಇಟ್ಟಿದ್ದರು. ಮೊಮ್ಮಗಳಿಗೂ ಇಟ್ಟಿದ್ದರು. ಮದುವೆಯ ಹೆಂಗಸರಿಗೆಲ್ಲ ಸಾಲಾಗಿ ಇಟ್ಟಿದ್ದರು. ಉದ್ದ ಕೂದಲಿನ ಒಬ್ಬ ಅಂಬಿಗನಿಗೂ ಇಟ್ಟಿದ್ದರು. ದಂಡೆಯ ಮೇಲಿನ ಎಮ್ಮೆಯೂ ತಪ್ಪಿರಲಿಲ್ಲ.

ಗೌಡರ ಮನೆಯ ಸೊಸೆ, ಅರ್ಜಿ ಬರೆಸಿದವಳು ಅವಳೇ, ನಗುತ್ತ ಹೇಳಿದಳು. "ಮಕ್ಕಳು ದಿನಾ ನೋಡೂ ಪುಸ್ತಕರಿ ಕಾಕಾ. ಬರಿ ಹಣಿ ನೋಡಬಾರದು. ಪಾಪ, ಎಲ್ಲಾರಿಗೂ ಮುತ್ತೈದಿತನಾ ಕೊಟ್ಟೇವಿ."

ಇಟ್ಟ ಕೈಯಲ್ಲಿ ದ್ವೇಷ ಇರಲಿಲ್ಲ. ಒಂದೊಂದು ಚುಕ್ಕೆಯನ್ನೂ ಎಷ್ಟು ದುಂಡಗೆ ಇಟ್ಟಿದ್ದರು! ಪುಟ ತಿರುವುತ್ತ ಹೋದೆ. ಮದುವೆಯ ಪುಟದ ಮೂಲೆಯಲ್ಲಿ, ಒಲೆ ಮುಂದೆ ಕೂತು ಅನ್ನ ಬೇಯಿಸುವ ಒಬ್ಬ ಹೆಂಗಸಿನ ಹಣೆ ಹಾಗೇ ಉಳಿದಿತ್ತು.

"ಈಕಿಗೊಬ್ಬಾಕಿಗೆ ಯಾಕವ್ವಾ ಇಟ್ಟಿಲ್ಲ?"

ಸೊಸೆ ಬಗ್ಗಿ ನೋಡಿದಳು.

"ಈಕಿ ಆಯಾ ಇರಬೇಕ್ರಿ."

ಸಮಿತಿಯಲ್ಲಿ ಮಾಸ್ತರರು ಪುಸ್ತಕ ಎತ್ತಿ ಬದಿಗಿಟ್ಟರು. ಹಾಳಾಗಿದೆ, ಮೇಲಾಗಿ ನಮ್ಮ ಸಂಸ್ಕೃತಿಗೆ ಹೊಂದುವುದಿಲ್ಲ ಅಂದರು.

"ಈಗ ಹೊಂದತೈತಲ್ರಿ, ಎಮ್ಮಿ ಸುದ್ದಾ ಮುತ್ತೈದಿ ಆಗೇತಿ," ಅಂದೆ.

ಟೊಪ್ಪಿಗೆ ಅಂಗಡಿ ಪಾಸಾಯಿತು. ಅದೇ ಮೇಜಿನ ಮೇಲೆ, ಅದೇ ಪೆನ್ನಿನಿಂದ, ಆಯಾನನ್ನು ತೆಗೆಯುವ ಕಾಗದಕ್ಕೂ ಮೇಡಂ ಸಹಿ ಹಾಕಿದರು. ಊರವರ ಭಾವನೆ ನೋಡಬೇಕಲ್ರಿ ಅಂದರು. ಕಾಗದದ ಮೇಲೆ ಬಾಗಿ ಒದರಿದೆ, ಗಂಟಲು ಹರಿಯುವ ತನಕ ಒದರಿದೆ. ಅದರಿಂದ ಆದ ಲಾಭ ಒಂದೇ. ಸಹಿಯ ಮಸಿ ಬೇಗ ಒಣಗಿತು.

೫. ಶಕುನ

ತಳ್ಳಿದ ಪುಸ್ತಕವನ್ನು ಅಂಗಡಿಗೆ ಒಯ್ದು ದಾರ ಬಿಚ್ಚಿ ಗಟ್ಟಿಯಾಗಿ ಹೊಲಿದೆ, ಹೊಸ ರಟ್ಟು ಹಾಕಿದೆ. ಆಯಾ ಜೈನಾಪುರದ ಕಡೆ ದ್ರಾಕ್ಷಿ ತೋಟದಲ್ಲಿ ಕಸ ಕೀಳಲು ಹೋಗುತ್ತಿದ್ದಳು. ಅಲ್ಲಿಗೇ ಒಯ್ದು ಕೊಡಹೋದೆ. ಸೆರಗಿನಿಂದ ಕೈ ಒರೆಸಿಕೊಂಡಳು, ತೆಗೆದುಕೊಳ್ಳಲಿಲ್ಲ.

"ಯಾರಿಗೆ ಹೇಳ್ಲಿ ಯಣ್ಣಾ, ಬಳ್ಳಿಗೇನು?"

ಬಿಡದೆ ಅವಳ ಬುತ್ತಿಯ ಮೇಲೆ ಇಟ್ಟು ಬಂದೆ. ದಾರಿಯುದ್ದಕ್ಕೂ ಯಾರನ್ನು ಬೈಯಬೇಕು ಅಂತ ಹುಡುಕಿದೆ. ನಾನು ಆ ಪುಸ್ತಕ ಅಲ್ಲಿ ಬಿಟ್ಟು ಬಾರದಿದ್ದರೆ ಅರ್ಜಿ ತಣ್ಣಗಾಗುತ್ತಿತ್ತೇನೋ ಅನ್ನಿಸಿತು. ಅದೊಂದು ಬೈಗುಳ ಇನ್ನೂ ನನ್ನ ಹತ್ತಿರವೇ ಇದೆ.

ಅಂಗನವಾಡಿಗೆ ಹೊಸ ಆಯಾ ಬಂದಳು. ದೊಡ್ಡ ಕುಂಕುಮ, ಎರಡೂ ಕೈ ತುಂಬ ಹಸಿರು ಬಳೆ. ಬೆಳಿಗ್ಗೆ ಬಾಗಿಲಿಗೆ ಬಂದು ಕರೆದರೆ ತಾಯಂದಿರಿಗೆ ಸಂತೋಷ. ಮಕ್ಕಳು ಮಾತ್ರ ಅವಳನ್ನು ನೋಡಿದ ಕೂಡಲೇ ಅಳಲು ಶುರು ಮಾಡಿದವು. ಒಂದು ನಿಲ್ಲಿಸಿದರೆ ಇನ್ನೊಂದು. ಟೀಚರು ಟೊಪ್ಪಿಗೆ ಅಂಗಡಿ ತೆರೆದು ತೋರಿಸಿದರು. ಪಟಗಾದವನನ್ನು ನೋಡಿ ಅತ್ತವು, ಶಿಲುಬೆಯವನನ್ನು ನೋಡಿ ಜೋರಾಗಿ ಅತ್ತವು. ಡೋಲಿನ ಅಜ್ಜಿ ಬೇಕು, ಆಯಾನೇ ಹೇಳಬೇಕು ಅಂತ ಹಟ. ಎಂಟನೇ ದಿನ ಹೊಸ ಆಯಾ ಸೆರಗು ಝಾಡಿಸಿ ಎದ್ದಳು.

"ಇವುಗಳ ಅಳು ಕೇಳಿ ಕೇಳಿ ನನ್ನ ಗಂಡಗ ಆಯುಷ್ಯಾ ಕಡಿಮಿ ಆದೀತು," ಅಂದು ಹೋದವಳು ತಿರುಗಿ ಬರಲಿಲ್ಲ.

ತಾಯಂದಿರು ದ್ರಾಕ್ಷಿ ತೋಟಕ್ಕೆ ಹೋದರು. "ಬಾ. ಆದ್ರ ಮುಂಜಾನೆ ಮುಂದ ಬರಬ್ಯಾಡ, ಹಿಂದಿನಿಂದ ಬಾ," ಅಂದರು. ಆಯಾ ಬುತ್ತಿ ಎತ್ತಿಕೊಂಡು, ಅದರ ಮೇಲೆ ಪುಸ್ತಕ ಇಟ್ಟುಕೊಂಡು ಅವರ ಹಿಂದೆ ನಡೆದಳು. ಇನ್ನೊಂದು ಕಾಗದಕ್ಕೆ ಮೇಡಂ ಸಹಿ ಹಾಕಿದರು. ಈ ಸಲ ಮಸಿ ತನ್ನಷ್ಟಕ್ಕೆ ಒಣಗಿತು.

ಆದರೆ ಮಕ್ಕಳಿಗೆ ನಂಬಿಕೆ ಹೋಗಿತ್ತು. ಒಳಗೆ ಯಾರಿದ್ದಾರೋ ಅಂತ ಗೇಟಿನ ಹತ್ತಿರವೇ ಸಾಲಾಗಿ ನಿಲ್ಲತೊಡಗಿದವು. ಎಳೆದರೂ ಬರಲೊಲ್ಲವು. ಕಡೆಗೆ ಟೀಚರೇ ಆಯಾನನ್ನು ಅಡುಗೆ ಕೋಣೆಯಿಂದ ಕರೆದು ಮುಂದಿನ ಅಂಗಳದಲ್ಲಿ, ಉದ್ದ ಹಿಡಿಕೆ ಒತ್ತಿ ನೀರು ತೆಗೆಯುವ ಬೋರಿಂಗಿನ ಪಕ್ಕ ನಿಲ್ಲಿಸಿದರು. ಮಕ್ಕಳು ಅವಳ ಮುಖ ನೋಡುತ್ತವೆ, ಒಳಗೆ ಓಡುತ್ತವೆ. ತಪಾಸಣೆಗೆ ಬಂದ ಮೇಡಂ ಇದೇನು ಅಂತ ಕೇಳಿದರು.

"ಏನ್ ಮಾಡೂದ್ರಿ ಮೇಡಂ," ಅಂದರು ಟೀಚರು, "ನಮ್ಮ ಹುಡುಗರು ಭಾಳ ಶಕುನಾ ನೋಡ್ತಾವ. ಆಯಾನ ಮಾರಿ ನೋಡದ ಒಳಗ ಕಾಲ ಇಡೂದಿಲ್ಲ."

ತಾಯಂದಿರು ಬದಲಾದರು ಅಂತ ಬರೆಯಲು ನನಗೂ ಆಸೆ. ಸುಳ್ಳು ಬರೆಯುವುದಿಲ್ಲ. ಗೇಟಿನ ತನಕ ಬರುತ್ತಾರೆ, ಮಗುವನ್ನು ಒಳಗೆ ದಬ್ಬುತ್ತಾರೆ, ತಮ್ಮ ಮುಖವನ್ನು ಗೋಡೆಗೆ ತಿರುಗಿಸಿ ಹೋಗುತ್ತಾರೆ. ದಿನಾ ಹೀಗೆಯೇ. ಆಯಾ ಅಷ್ಟೂ ಹೊತ್ತು ತಲೆ ಎತ್ತಿ ನಿಂತಿರಬೇಕು, ಯಾಕೆಂದರೆ ತಲೆ ಬಗ್ಗಿಸಿದರೆ ಮಕ್ಕಳಿಗೆ ಮುಖ ಕಾಣುವುದಿಲ್ಲ.

ಹೋದ ತಿಂಗಳು ನಾನು ಅಲ್ಲೇ ಇದ್ದೆ. ಗೌಡರ ಸೊಸೆಗೆ ತಡವಾಗಿತ್ತು. ಅವಳ ಮಗ ಗೇಟಿನಲ್ಲಿ ಕೈ ಬಿಡಲೊಲ್ಲ. ಅವನನ್ನು ಎತ್ತಿಕೊಂಡು, ಆಯಾನ ಮುಖ ಕಾಣದಂತೆ ಕುತ್ತಿಗೆ ಪೂರ್ತಿ ಆ ಕಡೆ ತಿರುಗಿಸಿಕೊಂಡು, ಬೀಸು ಹೆಜ್ಜೆ ಹಾಕಿ ಅಂಗಳಕ್ಕೆ ಬಂದಳು. ಬಂದವಳೇ ಬೋರಿಂಗಿನ ಕಬ್ಬಿಣದ ಹಿಡಿಕೆಗೆ ಹಣೆ ಬಡಿಸಿಕೊಂಡು ಅಲ್ಲೇ ಕುಸಿದಳು. ಆಯಾ ಬಗ್ಗಿ ಮೊದಲು ಮಗುವನ್ನು ಎತ್ತಿಕೊಂಡಳು, ಆಮೇಲೆ ಅಡುಗೆ ಕೋಣೆಯಿಂದ ಹಿಡಿ ಅರಿಶಿನ ತಂದು ಅವಳ ಹಣೆಗೆ ಒತ್ತಿದಳು. ಸೊಸೆಗೆ ನೋವು, ಅದಕ್ಕಿಂತ ಸಿಟ್ಟು ಹೆಚ್ಚು.

"ನಾ ಹೇಳಿರಲಿಲ್ಲೇನು ಕಾಕಾ? ಮುಂಜಾನೆ ಎದ್ದು ಈಕಿ ಎದುರಿಗೆ ಬಂದ್ರ ಹಿಂಗ ಆಗೂದು!"

ಆಯಾ ಅರಿಶಿನದ ಕೈ ತೆಗೆಯಲಿಲ್ಲ. ಇನ್ನಷ್ಟು ಮೆತ್ತಗೆ ಒತ್ತುತ್ತ ಹೇಳಿದಳು.

"ಅಕ್ಕಾರ, ನನ್ನ ಮಾರಿ ನೋಡಿದ್ರ ಬೋರಿಂಗೂ ಕಾಣ್ತಿತ್ರಿ. ನನ್ನ ಬಾಜೂಕ ಐತಲ್ರಿ ಅದು."