ಅಲುಗಾಡದ ಮೇಷ್ಟ್ರು

ಗೆರೆ ಮೇಷ್ಟ್ರು ಬೋರ್ಡಿನ ಮೇಲೆ ಎಳೆಯುತ್ತಿದ್ದ ಗೆರೆ ಇನ್ನೊಂದು ಗೇಣು ಉಳಿದಿತ್ತು, ದೀಪ ಆರಿಹೋಯಿತು. ಅವರು ತಿರುಗಿ ನೋಡಲಿಲ್ಲ. ಹೊಸ ಕಟ್ಟಡಕ್ಕೆ ಬಂದ ಎಂಟು ತಿಂಗಳಲ್ಲಿ ಇದು ಎಷ್ಟನೆಯ ಸಲವೋ ಅವರಿಗೇ ಮರೆತಿತ್ತು.

ಅದು ಹಸಿರು ಕಟ್ಟಡವಂತೆ. ಬಣ್ಣ ಮಾತ್ರ ಬೂದಿ. ಕರೆಂಟು, ನೀರು ಎಲ್ಲವನ್ನೂ ತಾನೇ ಉಳಿಸುತ್ತದೆ ಎಂದು ಪ್ರಿನ್ಸಿಪಾಲರು ಬಂದವರಿಗೆಲ್ಲ ಹೇಳುತ್ತಿದ್ದರು. ಪ್ರತಿ ಕೋಣೆಯ ಛಾವಣಿಯಲ್ಲೂ ಗೋಲಿಯಷ್ಟು ದೊಡ್ಡ ಒಂದು ಕಣ್ಣು. ಯಾರಾದರೂ ಅಲುಗಾಡಿದರೆ ಅದು ದೀಪ ಹೊತ್ತಿಸುತ್ತದೆ. ಎರಡು ನಿಮಿಷ ಯಾರೂ ಅಲುಗಾಡದಿದ್ದರೆ ಕೋಣೆ ಖಾಲಿ ಎಂದುಕೊಂಡು ಆರಿಸಿಬಿಡುತ್ತದೆ. ಉಳಿದ ಮೇಷ್ಟ್ರುಗಳಿಗೆ ಇದರಿಂದ ಏನೂ ತೊಂದರೆಯಿರಲಿಲ್ಲ, ಅವರ ತರಗತಿಗಳಲ್ಲಿ ಎರಡು ನಿಮಿಷ ಸುಮ್ಮನೆ ಕೂರುವವರೇ ಇರಲಿಲ್ಲ. ಎಂಜಿನಿಯರಿಂಗ್ ಡ್ರಾಯಿಂಗ್ ಕಲಿಸುವ ಗೆರೆ ಮೇಷ್ಟ್ರ ಕತೆಯೇ ಬೇರೆ. ಗೆರೆ ಶುರುವಾದಾಗ ಉಸಿರು ಹಿಡಿಯಬೇಕು, ಮುಗಿದ ಮೇಲೆ ಬಿಡಬೇಕು ಎಂಬುದು ಅವರ ಮೊದಲ ಪಾಠ. ನಲವತ್ತು ಮಕ್ಕಳು ಗೋಡೆಯ ಮೇಲಿನ ಹಲ್ಲಿಗಳ ಹಾಗೆ ಮಿಸುಕಾಡದೆ ಕೂತರೆ ಪಾಪ, ಆ ಕಣ್ಣಿಗೆ ಏನು ತಿಳಿಯಬೇಕು. ಮೊದಮೊದಲು ದೀಪ ಹೋದಾಗ ಯಾರಾದರೂ ಎದ್ದು ಕೈ ಬೀಸುತ್ತಿದ್ದರು. ಈಗ ಕಿಟಕಿಯ ಕಪ್ಪು ಗಾಜಿನಿಂದ ಸೋಸಿ ಬರುವ ಮಬ್ಬು ಬೆಳಕಿಗೇ ಎಲ್ಲರ ಕಣ್ಣೂ ಒಗ್ಗಿತ್ತು.

ಆ ಪಾಠ ಮೇಷ್ಟ್ರಿಗೆ ಸಿಕ್ಕಿದ್ದು ಹಳೇ ಕಟ್ಟಡದ ಏಳನೇ ಕೋಣೆಯಲ್ಲಿ. ಅಲ್ಲಿ ಅವರು ವಿದ್ಯಾರ್ಥಿಯಾಗಿದ್ದಾಗ ದೊಡ್ಡ ಮೇಷ್ಟ್ರು ಬೆನ್ನ ಹಿಂದೆ ಬಂದು ನಿಂತು, "ಉಸಿರು ಹಿಡ್ಕೋ ಮಗಾ, ಗೆರೆ ತಾನಾಗೇ ಬರುತ್ತೆ" ಎನ್ನುತ್ತಿದ್ದರು. ಮೊಳ ದಪ್ಪದ ಗೋಡೆ, ಉತ್ತರಕ್ಕೆ ಆಳೆತ್ತರದ ಎರಡು ಕಿಟಕಿ, ಬೆಳಿಗ್ಗೆಯಿಂದ ಸಂಜೆವರೆಗೂ ಕಾಗದದ ಮೇಲೆ ಸುರಿಯುವ ತಣ್ಣನೆ ಬೆಳಕು. ಹಗಲಲ್ಲಿ ಅಲ್ಲಿ ಸ್ವಿಚ್ ಒತ್ತಿದವರನ್ನು ಯಾರೂ ಕಂಡಿರಲಿಲ್ಲ. ಮೂರನೇ ಸಾಲಿನ ಮೇಜಿನ ಅಂಚಿನಲ್ಲಿ ಆಗ ಗೆರೆ ಮೇಷ್ಟ್ರು ಕಂಪಾಸಿನ ಮೊನೆಯಿಂದ ಕೊರೆದ ಪುಟ್ಟ ವೃತ್ತ ಇನ್ನೂ ಹಾಗೇ ಇತ್ತು. ವಾರಕ್ಕೊಮ್ಮೆ ಯಾರಿಗೂ ಹೇಳದೆ ಹೋಗಿ ಅದನ್ನು ಮುಟ್ಟಿ ಬರುತ್ತಿದ್ದರು.

ಆ ಕೋಣೆಯ ಹಣೆಬರಹ ಇವತ್ತು ತೀರ್ಮಾನವಾಗಬೇಕಿತ್ತು. ಹಸಿರು ಕಟ್ಟಡಗಳಿಗೆ ಅಂಕ ಹಾಕುವ ಸಮಿತಿ ಮಧ್ಯಾಹ್ನ ಬರುವುದಿತ್ತು. ಸರ್ಟಿಫಿಕೇಟ್ ಸಿಕ್ಕರೆ ಹಳೇ ಕಟ್ಟಡವನ್ನು ಕೆಡವಿ ಅಲ್ಲಿ ಇಂಥದೇ ಇನ್ನೊಂದನ್ನು ಕಟ್ಟುವುದು. ಸಿಗದಿದ್ದರೆ ಹಳೆಯದನ್ನೇ ರಿಪೇರಿ ಮಾಡಿಸಿ ಡ್ರಾಯಿಂಗ್ ತರಗತಿಯನ್ನು ಅಲ್ಲಿಗೆ ಮರಳಿಸುವುದು ಎಂದು ಆಡಳಿತ ಮಂಡಳಿ ತೀರ್ಮಾನ ಬರೆದಿಟ್ಟಿತ್ತು.

ಹತ್ತು ಗಂಟೆಗೆ ಪ್ರಿನ್ಸಿಪಾಲರು ಬೆವರೊರೆಸುತ್ತ ಬಂದರು.

"ಮೇಷ್ಟ್ರೇ, ನಿಮ್ಮ ದಮ್ಮಯ್ಯ. ಇವತ್ತೊಂದಿನ ಮಕ್ಕಳನ್ನ ಸ್ವಲ್ಪ ಅಲ್ಲಾಡಿಸ್ತಾ ಇರಿ. ಅವರು ಬಂದಾಗ ಕತ್ತಲೆ ಇದ್ರೆ ಕಟ್ಟಡಾನೇ ಕೆಟ್ಟಿದೆ ಅಂದ್ಕೋತಾರೆ."

ಪಕ್ಕದ ಕೋಣೆಯ ಫಿಸಿಕ್ಸ್ ಮೇಡಂ ಅದನ್ನು ಕೇಳಿಸಿಕೊಂಡರು. ಇನ್ನೊಬ್ಬರ ಕಷ್ಟ ಕಿವಿಗೆ ಬಿದ್ದರೆ ಅವರಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ತಮ್ಮ ಲ್ಯಾಬಿನ ದೊಡ್ಡ ಲೋಲಕವನ್ನು ತಂದು, ಮೇಜಿನ ಮೇಲೆ ಸ್ಟೂಲಿಟ್ಟು ಹತ್ತಿ, ಅದನ್ನು ಛಾವಣಿಯ ಕಣ್ಣಿನ ಕೆಳಗೆ ನೇತುಹಾಕಿ ತೂಗಿಬಿಟ್ಟರು. ಕಬ್ಬಿಣದ ಗುಂಡು ಆಚೆ ಈಚೆ ಹೋಗತೊಡಗಿತು, ದೀಪ ಆರದೆ ನಿಂತಿತು. ಐದು ನಿಮಿಷಕ್ಕೊಮ್ಮೆ ತಳ್ಳಲು ಮುಂದಿನ ಸಾಲಿನ ಕನ್ನಡಕದ ಹುಡುಗಿಯನ್ನು ನೇಮಿಸಿ, ಮೇಷ್ಟ್ರು ಇನ್ನು ನಿಶ್ಚಿಂತೆಯಾಗಿರಬಹುದು ಎಂದು ಹೇಳಿ ಹೋದರು.

ಮೇಷ್ಟ್ರಿಗೆ ನಿಶ್ಚಿಂತೆ ಎಲ್ಲಿಂದ ಬರಬೇಕು. ಅವರು ಜನ್ಮದಲ್ಲಿ ಒಂದೂ ಮೋಸ ಮಾಡಿದವರಲ್ಲ. ಆದರೆ ಏಳನೇ ಕೋಣೆ ಉಳಿಯಲು ಇವತ್ತು ಮೋಸ ಮಾಡಬೇಕಾಗಿಯೇ ಇರಲಿಲ್ಲ, ಪಾಠ ಮಾಡಿದರೆ ಸಾಕಿತ್ತು. ಮಧ್ಯಾಹ್ನ ಅವರು ಬೋರ್ಡಿನ ಮೇಲೆ ಸುರುಳಿ ಎಳೆದರು. ಎಲ್ಲಕ್ಕಿಂತ ಕಷ್ಟದ್ದು ಅದು, ಕೈ ಎತ್ತದೆ ಒಂದೇ ಉಸಿರಿನಲ್ಲಿ ಮುಗಿಸಬೇಕು. ಕನ್ನಡಕದ ಹುಡುಗಿ, ತಾನು ಗುಂಡು ತಳ್ಳಬೇಕೋ ಸುರುಳಿ ಬರೆಯಬೇಕೋ ಎಂದು ಕೇಳಿದಳು.

"ಪರೀಕ್ಷೆಗೆ ಸುರುಳಿ ಬರುತ್ತಮ್ಮ," ಎಂದರು ಮೇಷ್ಟ್ರು. "ಗುಂಡು ಬರಲ್ಲ."

ಹುಡುಗಿ ಕೂತು ಪೆನ್ಸಿಲ್ ಚೂಪು ಮಾಡಿಕೊಂಡಳು. ಲೋಲಕದ ಓಲಾಟ ಗೇಣಾಯಿತು, ಬೆರಳಾಯಿತು, ನಿಂತಿತು. ಆಮೇಲೆ ದೀಪ ಹೋಯಿತು.

ಸಮಿತಿಯನ್ನು ಮೆಟ್ಟಿಲ ಮೇಲೆ ಬಿಟ್ಟು ಮುಂದೋಡಿ ಬಂದ ಪ್ರಿನ್ಸಿಪಾಲರಿಗೆ ಕಂಡದ್ದು ಬರೀ ಮಬ್ಬು. ಒಳಗೆ ನುಗ್ಗಿ ಎರಡೂ ಕೈ ಮೇಲೆತ್ತಿ ಕುಪ್ಪಳಿಸಿದರು. ಭುಜ ತಾಗಿದ ಗುಂಡು ಅತ್ತ ಹೋಗಿ ಇತ್ತ ಬಂದು ಹಣೆಗೆ ಬಡಿದು ಅಲ್ಲೇ ಒರಗಿ ನಿಂತಿತು. ಅದೇ ಗಳಿಗೆಗೆ ದೀಪ ಹೊತ್ತಿತು. ಬಾಗಿಲಲ್ಲಿ ಸಮಿತಿಯ ಮೂವರು ನಿಂತಿದ್ದರು. ಪ್ರಿನ್ಸಿಪಾಲರು ಎತ್ತಿದ ಕೈಯನ್ನು ಇಳಿಸಲೂ ನಾಚಿ ಹಾಗೇ ಕಲ್ಲಾದರು. ಸಮಿತಿಯವರು ಅವರನ್ನೇ ನೋಡುತ್ತ ನಿಂತರು. ಮಕ್ಕಳು ತಲೆ ಎತ್ತಲಿಲ್ಲ, ಸುರುಳಿ ಅರ್ಧದಲ್ಲಿತ್ತು. ಎರಡು ನಿಮಿಷಕ್ಕೆ ದೀಪ ಮತ್ತೆ ಆರಿತು.

ಸಮಿತಿಯ ಹಿರಿಯರು ಇದೇನು ಎಂದು ಮೆಲ್ಲಗೆ ಕೇಳಿದರು. ಮೇಷ್ಟ್ರು ಇದ್ದದ್ದನ್ನು ಇದ್ದ ಹಾಗೆ ಹೇಳಿದರು.

"ಇಲ್ಲಿ ದಿನಾ ಹೀಗೇ ಸರ್. ನಾವು ಪಾಠ ಶುರು ಮಾಡಿದ್ರೆ ದೀಪ ಹೋಗುತ್ತೆ. ಎಂಟು ತಿಂಗಳಿಂದ ಮಬ್ಬಲ್ಲೇ ಬರೀತಿದೀವಿ."

ಹಿರಿಯರು ಏನನ್ನೋ ಗುರುತು ಹಾಕಿಕೊಂಡು ಹೋದರು. ಏಳನೇ ಕೋಣೆ ಉಳಿಯಿತು ಎಂದು ಮೇಷ್ಟ್ರ ಕಣ್ಣು ತುಂಬಿ ಬಂತು. ಬೋರ್ಡಿನ ಕಡೆ ತಿರುಗಿ ಒರೆಸಿಕೊಂಡರು.

ನಾಲ್ಕು ಗಂಟೆಗೆ ಸಭೆ. ಪ್ರಿನ್ಸಿಪಾಲರ ಹಣೆಯಲ್ಲಿ ನಿಂಬೆಹಣ್ಣಿನಷ್ಟು ಬುಗುಟು. ಕಟ್ಟಡ ತಮಗೆ ಬೇಸರ ತಂದಿದೆ ಎಂದು ಹಿರಿಯರು ಶುರುಮಾಡಿದರು. ಕೋಣೆ ಕೋಣೆಯ ಮೀಟರ್ ನೋಡಿದ್ದಾರಂತೆ; ಎಲ್ಲ ಕಡೆ ಬೇಕಾಬಿಟ್ಟಿ ಖರ್ಚು, ಪಾಸಾಗಲು ನಾಲ್ಕು ಅಂಕ ಕಡಿಮೆ. ಮೇಷ್ಟ್ರು ಮೇಜಿನ ಕೆಳಗೆ ಕೈ ಜೋಡಿಸಿದರು.

"ಆದ್ರೆ ಬಳಸೋರ ಅಭ್ಯಾಸಕ್ಕೆ ಅಂತ ನಮ್ಮಲ್ಲಿ ಐದು ಅಂಕ ಇದೆ," ಎಂದರು ಹಿರಿಯರು. "ಅದನ್ನ ಇದುವರೆಗೆ ಯಾರಿಗೂ ಪೂರ್ತಿ ಕೊಟ್ಟಿರಲಿಲ್ಲ. ಇವತ್ತು ಕೊಟ್ಟಿದೀವಿ. ಡ್ರಾಯಿಂಗ್ ಹಾಲ್ ಎಂಟು ತಿಂಗಳಲ್ಲಿ ಬೇರೆ ಕೋಣೆಗಳ ಹತ್ತನೇ ಒಂದು ಪಾಲೂ ಕರೆಂಟ್ ಬಳಸಿಲ್ಲ. ಮೇಷ್ಟ್ರೇ, ಎಲ್ಲಿ ಕಲಿತ್ರಿ ಇದನ್ನ?"

ಮೇಷ್ಟ್ರು ಜೋಡಿಸಿದ ಕೈ ಬಿಡಿಸಿದರು. "ಹಳೇ ಕಟ್ಟಡದ ಏಳನೇ ಕೋಣೆಲಿ," ಎಂದರು.

"ಅದೇ ಸರ್," ಪ್ರಿನ್ಸಿಪಾಲರು ಬುಗುಟು ಮರೆತು ನಕ್ಕರು. "ನಿಮ್ಮ ದಯೆಯಿಂದ ಮುಂದಿನ ತಿಂಗಳು ಕೆಡವ್ತೀವಲ್ಲ, ಅದು."

ಎಲ್ಲರೂ ಚಪ್ಪಾಳೆ ತಟ್ಟಿದರು. ಫಿಸಿಕ್ಸ್ ಮೇಡಂ ಮೇಷ್ಟ್ರ ಕೈ ಕುಲುಕಿ, ಇದರಲ್ಲಿ ಲೋಲಕದ ಪಾಲೂ ಇದೆ ಎಂದರು.

ಸಂಜೆ ಮೇಷ್ಟ್ರು ಏಳನೇ ಕೋಣೆಗೆ ಹೋಗಿ ಮೂರನೇ ಸಾಲಿನಲ್ಲಿ ಕೂತು ವೃತ್ತದ ಮೇಲೆ ಬೆರಳಿಟ್ಟರು. ಸೀಮೆಸುಣ್ಣದ, ಹಳೇ ಮರದ ಅದೇ ವಾಸನೆ. ದೊಡ್ಡ ಮೇಷ್ಟ್ರು ಈಗ ಬೆನ್ನ ಹಿಂದೆ ಬಂದು ನಿಲ್ಲುತ್ತಾರೆ ಅನ್ನಿಸಿ ಎಷ್ಟೋ ಹೊತ್ತು ಉಸಿರು ಹಿಡಿದು ಕೂತರು. ಹೊರಗೆ ಹೊತ್ತು ಇಳಿಯಿತು. ಕಿಟಕಿಯ ಬೆಳಕು ಸಣ್ಣಗಾಗುತ್ತ ಆಗುತ್ತ ಹೋಗಿಯೇಬಿಟ್ಟಿತು. ಮೇಷ್ಟ್ರು ದಡಕ್ಕನೆ ಎದ್ದು ಎರಡೂ ಕೈ ಮೇಲೆತ್ತಿ ಜೋರಾಗಿ ಬೀಸಿದರು.

ಬೀಗ ಹಾಕಲು ಬಂದ ವಾಚ್‌ಮನ್ ಬಾಗಿಲಲ್ಲೇ ನಿಂತ. "ಯಾರನ್ನ ಕರೀತಿದೀರಾ ಸರ್?"

ಮೇಷ್ಟ್ರು ಕೈ ಇಳಿಸಿದರು.

"ಬೆಳಕು ಹೋಯ್ತಲ್ಲಪ್ಪ, ಅದಕ್ಕೆ ಕೈ ಬೀಸಿದೆ," ಎಂದರು. "ಈ ಕೋಣೆಗೆ ಅದು ನಡೆಯಲ್ಲ ಅನ್ನೋದು ನನಗೂ ಮರೆತುಹೋಯ್ತು ನೋಡು."